ಥೆರಪಿಗೆ ವಿಮೆ ಬಳಸಿದರೆ ಯಾರಿಗೆ ಏನು ತಿಳಿಯುತ್ತದೆ? ಕೈಯಿಂದ ಹಣ ಕೊಡುವುದು ಮೇಲೇ?

ಪ್ರಶ್ನೆ: ತುಂಗಾತೀರ, ಸ್ಯಾನ್ ಹೋಸೆ

ಎಲ್ಲರಿಗೂ ನಮಸ್ಕಾರ. ಹೆರಿಗೆಯಾದಂದಿನಿಂದ ನನ್ನ ಮನಸ್ಸು ಸ್ಥಿಮಿತದಲ್ಲಿಲ್ಲ. ಬಾಣಂತನಕ್ಕೆಂದು ಶಿವಮೊಗ್ಗದಿಂದ ಬಂದಿದ್ದ ಅಮ್ಮ ಊರಿಗೆ ಹಿಂತಿರುಗಿದ ಮೇಲೆ ಅದು ಇನ್ನಷ್ಟು ಬಿಗಡಾಯಿಸಿದೆ. ಮಗು ಮಲಗಿದ್ದರೂ ನನಗೆ ನಿದ್ದೆ ಹತ್ತುವುದಿಲ್ಲ. ಮಗುವಿಗೆ ಏನೋ ಆಗಿಬಿಡುತ್ತದೆ ಎಂಬ ಭಯ ಹಗಲೂ ರಾತ್ರಿ ಬೆನ್ನು ಬಿಡುವುದಿಲ್ಲ. ಪ್ರಸೂತಿ ವೈದ್ಯರು 10 ಪ್ರಶ್ನೆಗಳ ಒಂದು ಹಾಳೆಯನ್ನು ನನ್ನಿಂದ ತುಂಬಿಸಿಕೊಂಡು, ಥೆರಪಿಸ್ಟ್ ಒಬ್ಬರನ್ನು ಆದಷ್ಟು ಬೇಗ ಕಾಣುವಂತೆ ಹೇಳಿ ಕೆಲವು ಹೆಸರುಗಳನ್ನು ಕೊಟ್ಟಿದ್ದಾರೆ. ಕಾಣಬೇಕೆಂದು ನಾನೂ ನಿರ್ಧರಿಸಿದ್ದೇನೆ. ಆದರೆ ಹಣವನ್ನು ಯಾವ ದಾರಿಯಲ್ಲಿ ಕೊಡಬೇಕು ಎನ್ನುವಲ್ಲಿ ತಡೆದು ನಿಂತಿದ್ದೇನೆ.

ಪತಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದ ಮೇಲೆ ನಾನು ಇಲ್ಲಿದ್ದೇನೆ. ವೈದ್ಯಕೀಯ ವಿಮೆ ನನ್ನ ಪತಿಯ ಕಂಪನಿಯದು. ಪಾಲಿಸಿ ಅವರ ಹೆಸರಿನಲ್ಲಿದೆ, ನಾನು ಅವಲಂಬಿತೆ. ವಿಮಾ ಕಂಪನಿಯ ಕಾಗದಗಳೆಲ್ಲ ಅವರ ಹೆಸರಿಗೇ ಬರುತ್ತವೆ, ಮತ್ತು ಅತ್ತೆ ಮಾವ ಈಗ ನಮ್ಮೊಡನೆ ಇರುವುದರಿಂದ ಟಪಾಲು ಮೊದಲು ಯಾರ ಕೈಗೆ ಸಿಗುತ್ತದೆ ಎಂದು ಹೇಳಲಾಗದು. ಪತಿಗೆ ನಾನೇ ಹೇಳುವವಳಿದ್ದೇನೆ. ಅವರು ಬೇಡವೆನ್ನುವವರೂ ಅಲ್ಲ. ಆದರೆ ನಾನು ಬಾಯಿ ಬಿಡುವ ಮುಂಚೆ ಒಂದು ಲಕೋಟೆಯಿಂದ ಅವರಿಗೆ ವಿಷಯ ತಿಳಿಯುವುದು ನನಗೆ ಇಷ್ಟವಿಲ್ಲ.

ಕನ್ನಡ ಕೂಟದ ಹಿರಿಯರೊಬ್ಬರು, ಮನಸ್ಸಿಗೆ ಸಂಬಂಧಿಸಿದ ಯಾವುದನ್ನೂ ಇನ್ಶೂರೆನ್ಸ್‌ಗೆ ಹಾಕಲೇಬಾರದು, ಅದು ಜೀವನಪೂರ್ತಿ ದಾಖಲೆಯಲ್ಲಿ ಉಳಿಯುತ್ತದೆ, ಪತಿಯ ಆಫೀಸಿಗೂ ಗೊತ್ತಾಗುತ್ತದೆ, ಗ್ರೀನ್ ಕಾರ್ಡಿಗೂ ಮುಂದೆ ತೆಗೆದುಕೊಳ್ಳುವ ಜೀವವಿಮೆಗೂ ತೊಡಕಾಗುತ್ತದೆ ಎಂದು ಹೇಳಿದರು. ವಿಮೆ ಬಳಸಿದರೆ ಒಂದು ಭೇಟಿಗೆ ನಾವು ಕೊಡಬೇಕಾದದ್ದು 30 ಡಾಲರ್ ಕೋಪೇ. ಬಳಸದಿದ್ದರೆ ಅದೇ ಥೆರಪಿಸ್ಟ್‌ಗೆ 250 ಡಾಲರ್. ವಾರಕ್ಕೊಮ್ಮೆ ಹೋದರೆ ತಿಂಗಳಿಗೆ 1,000 ಡಾಲರ್ ಆಗುತ್ತದೆ. ಒಂದೇ ಸಂಬಳದಲ್ಲಿ ಈ ಊರಿನ ಬಾಡಿಗೆ ಕಟ್ಟುವ ಮನೆಗೆ ಅದು ಹಗುರವಾದ ಮಾತಲ್ಲ. ವಿಮೆಯವರಿಗೆ ನಿಜವಾಗಿ ಏನು ಹೋಗುತ್ತದೆ, ಅದರಲ್ಲಿ ಯಾವುದನ್ನು ತಡೆಯಬಹುದು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಮಾಲೋಚಕಿ, ಫ್ರೀಮಾಂಟ್

ನಾನು ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಥೆರಪಿಸ್ಟ್. ಬಾಣಂತಿಯರೊಡನೆ ಕೆಲಸ ಮಾಡುತ್ತೇನೆ. ವಿಮೆಯ ಮಾತಿಗೆ ಮುಂಚೆ ಒಂದು ಮಾತು: ನಿಮಗೆ ಅಥವಾ ಮಗುವಿಗೆ ಹಾನಿ ಮಾಡಬೇಕು ಎನ್ನುವ ಪ್ರೇರಣೆ ಬಂದರೆ, ಇಲ್ಲದ ದನಿಗಳು ಕೇಳಿಸತೊಡಗಿದರೆ, ನಿದ್ದೆಯೇ ಬೇಡವೆನಿಸುವಷ್ಟು ಮನಸ್ಸು ಓಡತೊಡಗಿದರೆ, ದಯವಿಟ್ಟು ಈ ಲೆಕ್ಕಾಚಾರಗಳಿಗೆಲ್ಲ ಕಾಯಬೇಡಿ. ಮಾನಸಿಕ ತುರ್ತಿನ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು. ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆಂದೇ ಅಮೆರಿಕ ಸರ್ಕಾರ 2022ರಲ್ಲಿ ಆರಂಭಿಸಿದ 1-833-852-6262 ಎಂಬ ಉಚಿತ ಸಹಾಯವಾಣಿ ಹಗಲೂ ರಾತ್ರಿ ತೆರೆದಿರುತ್ತದೆ. ಇವೆರಡಕ್ಕೂ ನಿಮ್ಮ ವಿಮೆಗೂ ಯಾವ ಸಂಬಂಧವೂ ಇಲ್ಲ.

ಇನ್ನು ವಿಮೆಗೆ ಹೋಗುವುದು ಏನು ಎಂಬುದು. ನಾನು ಪ್ರತಿ ಭೇಟಿಯ ನಂತರ ಕಳಿಸುವ ಕ್ಲೇಮ್, ಸಿಎಂಎಸ್-1500 ಎಂಬ ಒಂದು ಪುಟದ ನಮೂನೆ. ಈಗ ಅದು ಕಂಪ್ಯೂಟರ್ ಮೂಲಕವೇ ಹೋಗುತ್ತದೆ, ಆದರೆ ಒಳಗಿನ ಅಂಕಣಗಳು ಬಹುತೇಕ ಅವೇ. ನಿಮ್ಮ ಹೆಸರು, ಹುಟ್ಟಿದ ದಿನ, ಸದಸ್ಯತ್ವದ ಸಂಖ್ಯೆ, ಭೇಟಿಯ ದಿನಾಂಕ, ಕಚೇರಿಯಲ್ಲೋ ವಿಡಿಯೋದಲ್ಲೋ ಎಂಬ ಸಂಕೇತ, ನಾನು ಕೇಳುವ ಶುಲ್ಕ, ನನ್ನ ನೋಂದಣಿ ಸಂಖ್ಯೆ. ಇವುಗಳ ನಡುವೆ ಮುಖ್ಯವಾದವು ಎರಡು. ಒಂದು, ಏನು ಮಾಡಿದೆವು ಎಂಬ ಸಂಕೇತ: ಮೊದಲ ಭೇಟಿಯ ಪರಿಶೀಲನೆಗೆ 90791, 45 ನಿಮಿಷದ ಥೆರಪಿಗೆ 90834, ಗಂಟೆಯದಕ್ಕೆ 90837. ಇನ್ನೊಂದು, 21ನೆಯ ಅಂಕಣದಲ್ಲಿ ಬರುವ ರೋಗನಿರ್ಣಯದ ಸಂಕೇತ. ಹೆರಿಗೆಯ ನಂತರದ ಖಿನ್ನತೆಗೆ ಎಫ್53.0 ಎಂಬ ಸಂಕೇತವಿದೆ. ಬದುಕಿನ ಒಂದು ದೊಡ್ಡ ಬದಲಾವಣೆಗೆ ಹೊಂದಿಕೊಳ್ಳಲಾಗದೆ ಆತಂಕವೂ ದುಃಖವೂ ಬೆರೆತು ಬಂದಿದ್ದರೆ ಎಫ್43.23. ರೋಗನಿರ್ಣಯದ ಸಂಕೇತವಿಲ್ಲದೆ ವಿಮೆಯವರು ಹಣ ಕೊಡುವುದಿಲ್ಲ, ಏಕೆಂದರೆ ಅವರು ಕೊಡುವುದು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಗೆ ಮಾತ್ರ. ಹಾಗಾಗಿ ವಿಮೆ ಬಳಸುವುದೆಂದರೆ ಆ ಸಂಕೇತವನ್ನು ಅವರ ಕಡತಕ್ಕೆ ಕೊಡಲು ಒಪ್ಪುವುದು ಎಂದೇ ಅರ್ಥ. ಮೊದಲ ಭೇಟಿಯಲ್ಲೇ ನಿಮ್ಮ ಥೆರಪಿಸ್ಟರನ್ನು "ನನಗೆ ಯಾವ ಸಂಕೇತ ಹಾಕುತ್ತೀರಿ, ಏಕೆ?" ಎಂದು ಸಂಕೋಚವಿಲ್ಲದೆ ಕೇಳಿ. ನಿಮಗೆ ಹೇಳಿ ಬರೆಯುವುದು ಅವರ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ. ಇರುವುದಕ್ಕಿಂತ ಹಗುರವಾದದ್ದನ್ನು ಬರೆಯಿರಿ ಎಂದು ಮಾತ್ರ ಕೇಳಬೇಡಿ. ಅದು ವಿಮೆಗೆ ಸುಳ್ಳು ಹೇಳಿದಂತಾಗುತ್ತದೆ.

ಕೋಣೆಯೊಳಗೆ ನೀವು ಆಡಿದ ಮಾತುಗಳು ಈ ನಮೂನೆಯಲ್ಲಿ ಇರುವುದಿಲ್ಲ. ಅವುಗಳಿಗೆ ಅಮೆರಿಕದ ಕಾನೂನು ಪ್ರತ್ಯೇಕವಾದ ರಕ್ಷಣೆ ಕೊಟ್ಟಿದೆ. ರೋಗಿಗಳ ಆರೋಗ್ಯ ಮಾಹಿತಿಯನ್ನು ಕಾಯುವ ಹಿಪಾ ಕಾನೂನಿನ ಗೋಪ್ಯತಾ ನಿಯಮದಲ್ಲಿ "ಸೈಕೋಥೆರಪಿ ನೋಟ್ಸ್" ಎಂಬ ಒಂದು ವರ್ಗವಿದೆ: ಮಾತುಕತೆಯ ಒಳಹುರುಳನ್ನು ಬರೆದುಕೊಳ್ಳುವ ಅಥವಾ ವಿಶ್ಲೇಷಿಸುವ, ಉಳಿದ ದಾಖಲೆಯಿಂದ ಬೇರೆಯಾಗಿ ಇಟ್ಟ ಟಿಪ್ಪಣಿಗಳು. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಇವು ವಿಮೆಗೆ ಹೋಗುವಂತಿಲ್ಲ, ಮತ್ತು ಆ ಒಪ್ಪಿಗೆ ಕೊಟ್ಟರೆ ಮಾತ್ರ ಹಣ ಕೊಡುತ್ತೇವೆ ಎಂದು ವಿಮೆಯವರು ಷರತ್ತು ಹಾಕುವಂತೆಯೂ ಇಲ್ಲ. ಆದರೆ ಇದರ ಅಂಚನ್ನು ಸರಿಯಾಗಿ ತಿಳಿದುಕೊಳ್ಳಬೇಕು. ರೋಗನಿರ್ಣಯ, ಲಕ್ಷಣಗಳು, ಚಿಕಿತ್ಸೆಯ ಯೋಜನೆ, ಔಷಧಿ, ಭೇಟಿಯ ಸಮಯ, ಸುಧಾರಣೆಯ ಸಾರಾಂಶ ಇವೆಲ್ಲ ಆ ವರ್ಗಕ್ಕೆ ಸೇರುವುದಿಲ್ಲ. ತನಿಖೆಗೆಂದು ವಿಮೆಯವರು ದಾಖಲೆ ಕೇಳಿದರೆ ಇವುಗಳನ್ನು ಕೊಡಬೇಕಾಗಬಹುದು. ಅದಕ್ಕಿಂತ ಮುಖ್ಯವಾದದ್ದು, ಬೇರೆಯಾಗಿ ಇಟ್ಟರೆ ಮಾತ್ರ ಈ ರಕ್ಷಣೆ. ಎಷ್ಟೋ ಥೆರಪಿಸ್ಟರು ಎಲ್ಲವನ್ನೂ ಒಂದೇ ಟಿಪ್ಪಣಿಯಲ್ಲಿ ಬರೆಯುತ್ತಾರೆ, ಆಗ ಅದು ಸಾಮಾನ್ಯ ದಾಖಲೆಯೇ ಆಗುತ್ತದೆ. "ನೀವು ಎರಡು ಬಗೆಯ ಟಿಪ್ಪಣಿ ಇಡುತ್ತೀರಾ? ವಿಮೆಯವರು ನೋಡಬಹುದಾದ ಟಿಪ್ಪಣಿಯಲ್ಲಿ ಎಷ್ಟು ಬರೆಯುತ್ತೀರಿ?" ಎಂದು ಕೇಳಿ. ನಾನು ಅದರಲ್ಲಿ ನಾಲ್ಕೈದು ಸಾಲುಗಳನ್ನು ಮೀರುವುದಿಲ್ಲ: ನಿದ್ದೆ ಹೇಗಿದೆ, ಆತಂಕ ಎಷ್ಟಿದೆ, ಇಂದು ಯಾವ ವಿಧಾನ ಬಳಸಿದೆವು, ಮುಂದಿನ ಹೆಜ್ಜೆ ಏನು. ಅತ್ತೆಯ ಮಾತು, ಗಂಡನೊಡನೆ ಆದ ಜಗಳ, ತವರಿನ ನೆನಪು, ಇವು ಯಾವುವೂ ಅಲ್ಲಿಗೆ ಬರಬೇಕಾಗಿಲ್ಲ.

ನನ್ನ ಬಳಿ ಬರುವ ಕನ್ನಡದ ತಾಯಂದಿರು ವಿಮೆಗಿಂತ ಹೆಚ್ಚು ಹೆದರುವ ಇನ್ನೊಂದು ವಿಷಯವಿದೆ. ಮಗುವಿನ ಬಗ್ಗೆ ಬರುವ ಕೆಟ್ಟ ಯೋಚನೆಗಳನ್ನು ಬಾಯಿಬಿಟ್ಟು ಹೇಳಿದರೆ ಮಗುವನ್ನೇ ಕಿತ್ತುಕೊಂಡು ಹೋಗುತ್ತಾರೆ ಎಂಬ ಭಯ ಅದು. ನಿಜ, ಗೋಪ್ಯತೆಗೆ ಅಪವಾದಗಳಿವೆ. ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂಬ ಸಮಂಜಸವಾದ ಶಂಕೆ ಬಂದರೆ ನಾವು ವರದಿ ಮಾಡಲೇಬೇಕು. ನಿರ್ದಿಷ್ಟ ವ್ಯಕ್ತಿಯೊಬ್ಬರಿಗೆ ಗಂಭೀರ ಅಪಾಯವಿದ್ದರೆ ಅವರನ್ನು ರಕ್ಷಿಸಲು ಕ್ರಮ ಕೈಗೊಳ್ಳಬೇಕೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರ ಟರಸಾಫ್ ಪ್ರಕರಣದಲ್ಲಿ ಹೇಳಿದೆ. ಆದರೆ "ಮೆಟ್ಟಿಲಿಳಿಯುವಾಗ ಮಗು ಕೈಜಾರಿ ಬಿದ್ದರೆ" ಎಂಬ ಚಿತ್ರ ಬೇಡವೆಂದರೂ ಕಣ್ಣ ಮುಂದೆ ಬಂದು ತಾಯಿಯನ್ನು ನಡುಗಿಸುವುದು ದೌರ್ಜನ್ಯವಲ್ಲ. ಹೆರಿಗೆಯ ನಂತರ ಬಹಳ ಮಂದಿಗೆ ಬರುವ ಆತಂಕದ ಲಕ್ಷಣ ಅದು. ಅದನ್ನು ಹೇಳಿದ ಮಾತ್ರಕ್ಕೆ ಯಾರೂ ನಿಮ್ಮ ಮನೆಯ ಬಾಗಿಲು ತಟ್ಟುವುದಿಲ್ಲ.

ಉತ್ತರ: ಕ್ಲೇಮ್ ವಿಭಾಗ, ಸ್ಯಾಕ್ರಮೆಂಟೊ

ವಿಮಾ ಕಂಪನಿಯೊಂದರಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಲಕೋಟೆಯ ವಿಷಯಕ್ಕೆ ಮಾತ್ರ ಬರುತ್ತೇನೆ. ಯಾವ ಸೇವೆಗೆ ವಿಮೆ ಎಷ್ಟು ಕೊಟ್ಟಿತು ಎಂದು ತಿಳಿಸುವ, ನೀವು ಹೇಳುವ ಆ ಕಾಗದಕ್ಕೆ ಇಒಬಿ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ರೋಗನಿರ್ಣಯ ಇರುವುದಿಲ್ಲ. ಆದರೆ ಚಿಕಿತ್ಸಕರ ಹೆಸರು, ದಿನಾಂಕ, ಸೇವೆಯ ವಿವರಣೆ, ಹಣದ ಲೆಕ್ಕ ಇರುತ್ತವೆ, ಮತ್ತು ಓದಿದವರಿಗೆ ಅಷ್ಟೇ ಸಾಕಾಗುತ್ತದೆ. ಪತಿಯ ಆನ್‌ಲೈನ್ ಖಾತೆಯಲ್ಲಿಯೂ ಅದು ಕಾಣುತ್ತದೆ ಎಂಬುದನ್ನು ಮರೆಯಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಒಳ್ಳೆಯ ಕಾನೂನಿದೆ. ಎಬಿ 1184 ಎಂಬ ಮಸೂದೆಯ ಪ್ರಕಾರ 2022ರ ಜುಲೈ 1ರಿಂದ ಮಾನಸಿಕ ಆರೋಗ್ಯವೂ ಸೇರಿದಂತೆ ಸೂಕ್ಷ್ಮ ಸೇವೆಗಳ ಕಾಗದಪತ್ರಗಳನ್ನು ವಿಮೆಯವರು ಆ ಸೇವೆ ಪಡೆದವರಿಗೇ ಕಳಿಸಬೇಕು, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗಲ್ಲ. ಬೇರೆ ವಿಳಾಸವನ್ನೋ ಇಮೇಲನ್ನೋ ನೀವು ಕೊಡಬಹುದು. ಫೋನಿನಲ್ಲಿ ಅಥವಾ ಆನ್‌ಲೈನಿನಲ್ಲಿ ಕೇಳಿಕೊಂಡರೆ 7 ದಿನಗಳೊಳಗೆ, ಅಂಚೆಯಲ್ಲಿ ಕೇಳಿಕೊಂಡರೆ 14 ದಿನಗಳೊಳಗೆ ಅದನ್ನು ಜಾರಿಗೆ ತರಬೇಕು. ಕಾರಣ ಹೇಳಬೇಕಾಗಿಲ್ಲ. ಬೇರೆ ವಿಳಾಸ ಕೊಡದಿದ್ದರೆ ನಿಮ್ಮ ಹೆಸರಿನಲ್ಲಿ ಅದೇ ಮನೆಗೆ ಬರುತ್ತದೆ, ಆದ್ದರಿಂದ ಇಮೇಲ್ ಕೊಡುವುದೇ ಕ್ಷೇಮ. ಮೊದಲ ಭೇಟಿಗೆ ಮುಂಚೆಯೇ ಈ ಕೋರಿಕೆ ಸಲ್ಲಿಸಿ, ಜಾರಿಯಾಗಿದೆ ಎಂದು ಕರೆ ಮಾಡಿ ಖಚಿತಪಡಿಸಿಕೊಂಡ ಮೇಲೆ ಭೇಟಿಗೆ ಹೋಗಿ.

ಒಂದು ತೊಡಕು ಉಂಟು. ದೊಡ್ಡ ಟೆಕ್ ಕಂಪನಿಗಳ ಪೈಕಿ ಬಹಳಷ್ಟು, ವಿಮಾ ಕಂಪನಿಯಿಂದ ಪಾಲಿಸಿ ಕೊಳ್ಳುವುದಿಲ್ಲ. ನೌಕರರ ವೈದ್ಯಕೀಯ ಖರ್ಚನ್ನು ತಾವೇ ಭರಿಸಿ, ಕ್ಲೇಮ್ ನೋಡಿಕೊಳ್ಳುವುದಕ್ಕಷ್ಟೇ ವಿಮಾ ಕಂಪನಿಯನ್ನು ಇಟ್ಟುಕೊಳ್ಳುತ್ತವೆ. ಕಾರ್ಡಿನ ಮೇಲೆ ವಿಮಾ ಕಂಪನಿಯ ಹೆಸರೇ ಇರುವುದರಿಂದ ನೋಡಿದವರಿಗೆ ಇದು ತಿಳಿಯುವುದಿಲ್ಲ. ಸೆಲ್ಫ್ ಫಂಡೆಡ್ ಎನ್ನುವ ಅಂಥ ಯೋಜನೆಗಳು 1974ರ ಎರಿಸಾ ಎಂಬ ಕೇಂದ್ರ ಕಾನೂನಿನ ಅಡಿ ಬರುತ್ತವೆ. ರಾಜ್ಯದ ವಿಮಾ ಕಾನೂನು ಅವುಗಳಿಗೆ ತಾಗುವುದಿಲ್ಲ. ಆಗ ಉಳಿಯುವುದು ಹಿಪಾ ಕೊಡುವ ಹಕ್ಕು: ವಿಷಯ ಬೇರೆಯವರಿಗೆ ತಿಳಿದರೆ ನನಗೆ ಅಪಾಯವಾಗಬಹುದು ಎಂದು ತಿಳಿಸಿದರೆ ಬೇರೆ ವಿಳಾಸಕ್ಕೆ ಕಳಿಸಲು ಅವರು ಒಪ್ಪಲೇಬೇಕು. ಅಂಥ ಅಪಾಯವಿಲ್ಲದೆ ಕೇಳಿದರೂ ಹಲವರು ಒಪ್ಪುತ್ತಾರೆ, ಆದರೆ ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಕಾರ್ಡಿನ ಹಿಂದಿರುವ ಸಂಖ್ಯೆಗೆ ಕರೆ ಮಾಡಿದಾಗ ನಿಮ್ಮ ಮೊದಲ ಪ್ರಶ್ನೆ, "ಈ ಯೋಜನೆ ಸೆಲ್ಫ್ ಫಂಡೆಡ್ ಹೌದೋ ಅಲ್ಲವೋ?" ಎಂಬುದಾಗಿರಲಿ.

ಪತಿಯ ಆಫೀಸಿನ ಬಗ್ಗೆ. ಸ್ವಂತ ಹಣದ ಯೋಜನೆಯಾದರೂ ಕ್ಲೇಮಿನ ವಿವರಗಳನ್ನು ನೇಮಕ, ಬಡ್ತಿ, ವಜಾ ಮುಂತಾದ ಉದ್ಯೋಗದ ತೀರ್ಮಾನಗಳಿಗೆ ಬಳಸುವುದನ್ನು ಹಿಪಾ ನಿಷೇಧಿಸುತ್ತದೆ, ಮತ್ತು ಯೋಜನೆಯ ಆಡಳಿತ ನೋಡಿಕೊಳ್ಳುವ ಕೆಲವರನ್ನು ಬಿಟ್ಟು ಉಳಿದವರ ಕಣ್ಣಿಗೆ ಅವು ಬೀಳದಂತೆ ಗೋಡೆ ಕಟ್ಟಿರಬೇಕು. ಮ್ಯಾನೇಜರ್‌ಗೆ ನಿಮ್ಮ ಥೆರಪಿಯ ಸುದ್ದಿ ಹೋಗುವ ದಾರಿ ಕಾನೂನಿನಲ್ಲಿ ಇಲ್ಲ. ಪತಿಯ ಕಂಪನಿಯಲ್ಲಿ ಇಎಪಿ ಎಂಬ, ನೌಕರರಿಗೆ ಸಮಾಲೋಚನೆ ಒದಗಿಸುವ ನೆರವಿನ ಯೋಜನೆ ಇದೆಯೇ ಎಂಬುದನ್ನೂ ನೋಡಿ. ಹೊರಗಿನ ಸಂಸ್ಥೆಯೊಂದು ನಡೆಸುವ ಇದರಲ್ಲಿ ಮನೆಯವರಿಗೂ ಕೆಲವು ಭೇಟಿಗಳು ಉಚಿತ. ಸಾಮಾನ್ಯವಾಗಿ ಇವಕ್ಕೆ ವಿಮೆಯ ಕ್ಲೇಮೂ ಇಲ್ಲ, ಇಒಬಿಯೂ ಇಲ್ಲ. ಎಷ್ಟು ಮಂದಿ ಬಳಸಿದರು ಎಂಬ ಒಟ್ಟು ಲೆಕ್ಕವಷ್ಟೇ ಕಂಪನಿಗೆ ಹೋಗುತ್ತದೆ. ಭೇಟಿಗಳು ಕಡಿಮೆ, ಆದರೆ ಈ ವಾರವೇ ಶುರುಮಾಡಲು ಅಷ್ಟು ಸಾಕು.

ಉತ್ತರ: ಹೇಮಾವತಿ ಬಯಲು, ಆಸ್ಟಿನ್

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಕೂಟದ ಆ ಹಿರಿಯರ ಪರವಾಗಿ ಹೇಳಬೇಕೆನಿಸುತ್ತದೆ. ಕಾನೂನು ಏನೇ ಹೇಳಲಿ, ಒಮ್ಮೆ ಗಣಕದೊಳಗೆ ಸೇರಿದ್ದು ಸೋರುತ್ತದೆ. 2015ರಲ್ಲಿ ಆಂಥೆಮ್ ವಿಮಾ ಕಂಪನಿಯಿಂದ ಸುಮಾರು 7.88 ಕೋಟಿ ಜನರ ಮಾಹಿತಿ ಕಳವಾಯಿತು. 2024ರ ಫೆಬ್ರವರಿಯಲ್ಲಿ ಕ್ಲೇಮ್‌ಗಳನ್ನು ಸಾಗಿಸುವ ಚೇಂಜ್ ಹೆಲ್ತ್‌ಕೇರ್ ಸಂಸ್ಥೆಯ ಮೇಲೆ ದಾಳಿಯಾಗಿ, 19 ಕೋಟಿಗೂ ಹೆಚ್ಚು ಜನರ ಮಾಹಿತಿ ಹೊರಬಿದ್ದಿತು. ಅಮೆರಿಕದ ಅರ್ಧಕ್ಕಿಂತ ಹೆಚ್ಚು ಜನ ಎಂದಾಯಿತು. ಸಂಕೇತ ಒಂದೇ ಆದರೂ ಅದು ನಿಮ್ಮ ಹೆಸರಿನ ಪಕ್ಕದಲ್ಲಿರುತ್ತದೆ.

2013ರಿಂದ ಜಾರಿಯಲ್ಲಿರುವ ಹಿಪಾ ತಿದ್ದುಪಡಿಯ ಪ್ರಕಾರ, ಒಂದು ಸೇವೆಗೆ ಪೂರ್ತಿ ಹಣವನ್ನು ನೀವೇ ಕೊಟ್ಟು, ಇದನ್ನು ನನ್ನ ವಿಮೆಗೆ ತಿಳಿಸಬೇಡಿ ಎಂದು ಕೇಳಿಕೊಂಡರೆ ಚಿಕಿತ್ಸಕರು ಒಪ್ಪಲೇಬೇಕು. ಅವರು ವಿಮೆಯ ನೆಟ್‌ವರ್ಕಿನ ಒಳಗಿನವರಾಗಿದ್ದರೂ, ಅಂದರೆ ವಿಮೆಯೊಡನೆ ಒಪ್ಪಂದ ಇರುವವರಾಗಿದ್ದರೂ, ಈ ಹಕ್ಕು ನಿಮ್ಮದು. ಮೌಖಿಕವಾಗಿ ಹೇಳಿ ಬಿಡದೆ, ಮೊದಲ ಭೇಟಿಗೆ ಮುಂಚೆ ಬರವಣಿಗೆಯಲ್ಲಿ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿ. ವೈದ್ಯಕೀಯ ಖರ್ಚಿಗೆಂದು ಉಳಿಸುವ ಎಚ್‌ಎಸ್‌ಎ ಖಾತೆಯಿದ್ದರೆ ಅದರಿಂದ ಕೊಡಬಹುದು. ಅದು ತೆರಿಗೆ ಕಟ್ಟುವ ಮುಂಚಿನ ಹಣವಾದ್ದರಿಂದ ಭಾರ ಒಂದಿಷ್ಟು ಇಳಿಯುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆಯಲ್ಲಿ ಮಾತ್ರ ಆ ವಿನಾಯಿತಿ ಇಲ್ಲ.

ವೈದ್ಯರು ಔಷಧಿ ಬರೆದುಕೊಟ್ಟರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥವಾಗುವ ಸಂಭವವಿದೆ. ಚೀಟಿ ಕಂಪ್ಯೂಟರಿನಲ್ಲಿ ಔಷಧದಂಗಡಿಗೆ ಹೋಗುತ್ತದೆ, ನೀವು ಅಲ್ಲಿಗೆ ತಲುಪುವ ಮುಂಚೆಯೇ ಅಂಗಡಿಯವರು ವಿಮೆಗೆ ಬಿಲ್ ಕಳಿಸಿಬಿಟ್ಟಿರುತ್ತಾರೆ. ವೈದ್ಯರಿಗೆ ಹೇಳಿದ್ದು ಅಂಗಡಿಗೆ ಅನ್ವಯಿಸುವುದಿಲ್ಲ. ಅವರಿಗೆ ಬೇರೆಯಾಗಿಯೇ ಹೇಳಬೇಕು. ರಿಯಾಯಿತಿ ಕೂಪನ್ ಕೊಡುವ ಆ್ಯಪ್‌ಗಳನ್ನೂ ಥೆರಪಿ ಆ್ಯಪ್‌ಗಳನ್ನೂ ನಂಬುವ ಮುಂಚೆ ಯೋಚಿಸಿ. ಗ್ರಾಹಕರ ಆರೋಗ್ಯ ಮಾಹಿತಿಯನ್ನು ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಜಾಹೀರಾತಿಗಾಗಿ ಕೊಟ್ಟ ಆರೋಪದ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಎಫ್‌ಟಿಸಿ ಎಂಬ ಸರ್ಕಾರಿ ಸಂಸ್ಥೆ 2023ರಲ್ಲಿ ಗುಡ್‌ಆರ್‌ಎಕ್ಸ್ ಮೇಲೂ ಬೆಟರ್‌ಹೆಲ್ಪ್ ಮೇಲೂ ಕ್ರಮ ಕೈಗೊಂಡಿತು. ಬೆಟರ್‌ಹೆಲ್ಪ್ 78 ಲಕ್ಷ ಡಾಲರ್ ಕೊಡಬೇಕಾಯಿತು.

ಕೈಯಿಂದ ಕೊಟ್ಟರೆ ಜೀವವಿಮೆಯ ಅರ್ಜಿಯಲ್ಲಿಯೂ ಇದನ್ನು ಹೇಳಬೇಕಾದ ಪ್ರಮೇಯ ಬರುವುದಿಲ್ಲ.

ಉತ್ತರ: ನ್ಯಾಯಪಕ್ಷ, ಎಡಿಸನ್

ಹೇಮಾವತಿ ಬಯಲು ಅವರ ಕೊನೆಯ ವಾಕ್ಯ ತಪ್ಪು, ಮತ್ತು ಅದನ್ನು ನಂಬಿದವರ ಕುಟುಂಬಕ್ಕೆ ದೊಡ್ಡ ನಷ್ಟವಾಗಬಹುದು. ಜೀವವಿಮೆಯ ಅರ್ಜಿ ಕೇಳುವುದು ಚಿಕಿತ್ಸೆ ಪಡೆದಿದ್ದೀರಾ ಎಂದು; ಹಣ ಯಾರು ಕೊಟ್ಟರು ಎಂದಲ್ಲ. ಅರ್ಜಿಯೊಡನೆ ನಿಮ್ಮ ವೈದ್ಯಕೀಯ ದಾಖಲೆ ತರಿಸಿಕೊಳ್ಳಲು ಒಪ್ಪಿಗೆಯನ್ನೂ ಬರೆಸಿಕೊಳ್ಳುತ್ತಾರೆ. ಪ್ರಶ್ನೆ ಕೇಳಿದವರ ವಿಷಯದಲ್ಲಿ ಆ 10 ಪ್ರಶ್ನೆಗಳ ಹಾಳೆ ಮತ್ತು ಥೆರಪಿಸ್ಟರ ಬಳಿ ಕಳಿಸಿದ ಸಂಗತಿ ಪ್ರಸೂತಿ ವೈದ್ಯರ ಕಡತದಲ್ಲಿ ಆಗಲೇ ಇವೆ. ಅರ್ಜಿಯಲ್ಲಿ ಇಲ್ಲವೆಂದು ಬರೆದು, ಪಾಲಿಸಿಯ ಮೊದಲ ಎರಡು ವರ್ಷಗಳಲ್ಲಿ ಏನಾದರೂ ಆದರೆ, ಕಂಪನಿಯವರು ಆ ಸುಳ್ಳನ್ನು ಹಿಡಿದು ಹಣವನ್ನೇ ನಿರಾಕರಿಸಬಹುದು. ಹೌದೆಂದು ಬರೆದು, ಹೆರಿಗೆಯ ನಂತರ ಇಷ್ಟು ಕಾಲ ಚಿಕಿತ್ಸೆ ಪಡೆದೆ, ಗುಣವಾಯಿತು ಎಂದು ವಿವರಿಸಿದರೆ ಬಹುಮಟ್ಟಿಗೆ ಪಾಲಿಸಿ ಸಿಗುತ್ತದೆ. ಪತಿಯ ಕಂಪನಿಯ ಗುಂಪು ಜೀವವಿಮೆಯಲ್ಲಿ ಒಂದು ಮೊತ್ತದವರೆಗೆ ಆರೋಗ್ಯದ ಪ್ರಶ್ನೆಗಳೇ ಇರುವುದಿಲ್ಲ, ಅದನ್ನು ಮೊದಲು ಬಳಸಿಕೊಳ್ಳಿ. ವೈದ್ಯಕೀಯ ವಿಮೆಯ ವಿಷಯ ಬೇರೆಯೇ: 2014ರಿಂದ ಹಳೆಯ ಕಾಯಿಲೆಯ ಕಾರಣಕ್ಕೆ ಯಾರಿಗೂ ವೈದ್ಯಕೀಯ ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತೆಯೂ ಇಲ್ಲ. "ಜೀವನಪೂರ್ತಿ ದಾಖಲೆ" ಎಂಬ ಭಯ ಆ ಕಾನೂನಿಗೆ ಮುಂಚಿನ ಕಾಲದ್ದು.

ಗ್ರೀನ್ ಕಾರ್ಡಿನ ಬಗ್ಗೆಯೂ ಅನಗತ್ಯವಾದ ಹೆದರಿಕೆ ನಮ್ಮವರಲ್ಲಿ ಬೇರೂರಿದೆ. ಗ್ರೀನ್ ಕಾರ್ಡಿಗೆ ಬೇಕಾದ ಐ-693 ವೈದ್ಯಕೀಯ ಪರೀಕ್ಷೆಯಲ್ಲಿ ಸಿವಿಲ್ ಸರ್ಜನ್, ಅಂದರೆ ಸರ್ಕಾರದ ಮಾನ್ಯತೆ ಪಡೆದ ವೈದ್ಯರು, ನೋಡುವುದು, ಮಾನಸಿಕ ಕಾಯಿಲೆಯ ಜೊತೆಗೆ ತನಗೋ ಇತರರಿಗೋ ಅಪಾಯ ತರುವ ವರ್ತನೆ ಇದೆಯೇ, ಅಥವಾ ಹಿಂದೆ ಇದ್ದು ಮರುಕಳಿಸುವ ಸಂಭವವಿದೆಯೇ ಎಂಬುದನ್ನು. ಖಿನ್ನತೆಗೆ ಥೆರಪಿ ಪಡೆದದ್ದಷ್ಟೇ ಕಾರಣವಾಗಿ ಅರ್ಜಿ ನಿಲ್ಲುವುದಿಲ್ಲ. ವಿಮಾ ಕಂಪನಿಯ ಕಡತ ಅವರ ಮುಂದೆ ಬರುವುದೂ ಇಲ್ಲ. ಕೇಳಿದ್ದಕ್ಕೆ ನಿಜ ಹೇಳಿ, ಅಷ್ಟು ಸಾಕು; ಅಲ್ಲಿ ಸುಳ್ಳು ಹೇಳುವುದೇ ನಿಜವಾದ ತೊಡಕು.

ಮಾಹಿತಿ ಸೋರುತ್ತದೆ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೈಯಿಂದ ಕೊಟ್ಟರೆ ಅದರಿಂದ ಪಾರಾಗುತ್ತೇವೆ ಎಂಬುದು ಅರ್ಧ ಸತ್ಯ. ಫಿನ್‌ಲ್ಯಾಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಹತ್ತಾರು ಸಾವಿರ ಜನರ ದಾಖಲೆಗಳನ್ನು ಕದ್ದವನು 2020ರಲ್ಲಿ ಒಬ್ಬೊಬ್ಬರಿಗೂ ಪತ್ರ ಬರೆದು ಹಣ ಕೇಳಿದನು, ಕೊಡದಿದ್ದರೆ ಥೆರಪಿಯ ಮಾತುಗಳನ್ನು ಬಯಲು ಮಾಡುವೆನೆಂದನು. ಕಳವಾದದ್ದು ವಿಮೆಯ ಸಂಕೇತಗಳಲ್ಲ, ಥೆರಪಿಸ್ಟರೇ ಬರೆದಿಟ್ಟ ಟಿಪ್ಪಣಿಗಳು. ಆದ್ದರಿಂದ ಫ್ರೀಮಾಂಟಿನವರು ಹೇಳಿದ ಪ್ರಶ್ನೆ, ಅಂದರೆ ಏನು ಬರೆಯುತ್ತೀರಿ, ಎಲ್ಲಿ ಇಡುತ್ತೀರಿ ಎಂಬುದು, ಹಣ ಯಾರು ಕೊಟ್ಟರೂ ಕೇಳಬೇಕಾದದ್ದು.

ಪ್ರತಿಕ್ರಿಯೆ: ತುಂಗಾತೀರ, ಸ್ಯಾನ್ ಹೋಸೆ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ವಿಮೆಯವರಿಗೆ ಕರೆ ಮಾಡಿದೆ. ನಮ್ಮದು ಸೆಲ್ಫ್ ಫಂಡೆಡ್ ಯೋಜನೆಯೇ ಅಂತೆ. ನನ್ನ ಹೆಸರಿನಲ್ಲಿ ಬೇರೆ ಆನ್‌ಲೈನ್ ಖಾತೆ ತೆರೆದು ಕಾಗದಗಳನ್ನು ಇಮೇಲಿಗೆ ಕಳಿಸುವಂತೆ ಕೋರಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಇನ್ನೆರಡು ಸಂದೇಹಗಳಿವೆ. ಬೆಂಗಳೂರಿನ ಆಪ್ತಸಮಾಲೋಚಕರೊಬ್ಬರು ವಿಡಿಯೋದಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವೂ ಇಲ್ಲಿಗೆ ಹೋಲಿಸಿದರೆ ಬಹಳ ಕಡಿಮೆ. ಅತ್ತುಕೊಂಡು ಇಂಗ್ಲಿಷಿನಲ್ಲಿ ಮಾತಾಡುವುದು ನನಗೆ ಆಗದು. ಅವರ ಬಳಿ ಹೋದರೆ ಗೋಪ್ಯತೆ ಹೇಗೆ? ಹಾಗೆಯೇ, ಇಲ್ಲಿಯೇ ಈಗ ಕೈಯಿಂದ ಹಣ ಕೊಟ್ಟು, ಪತಿಗೆ ಹೇಳಿದ ಮೇಲೆ ಆ ಬಿಲ್ಲುಗಳನ್ನು ವಿಮೆಗೆ ಕಳಿಸಬಹುದೇ?

ಉತ್ತರ: ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು

ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಹಿಪಾ ಬೆಂಗಳೂರಿನ ಸಮಾಲೋಚಕರನ್ನು ತಲುಪುವುದಿಲ್ಲ. ಇಲ್ಲಿನದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೆಯ ಕಲಮು ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ, ಹಾಗೂ ಚಿಕಿತ್ಸೆ ನೀಡುವ ವೃತ್ತಿಪರರನ್ನು ಅದಕ್ಕೆ ಬದ್ಧರನ್ನಾಗಿಸುತ್ತದೆ. ಆದರೆ ಕೌನ್ಸೆಲರ್ ಎಂದು ಫಲಕ ಹಾಕಿಕೊಂಡವರೆಲ್ಲ ಆ ಕಾಯ್ದೆ ಹೇಳುವ ವೃತ್ತಿಪರರಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ ಎಂದು ಕೇಳಿ, ನೋಂದಣಿ ಸಂಖ್ಯೆ ಪಡೆದುಕೊಳ್ಳಿ. ವಿಮೆಯ ಭಯ ಇಲ್ಲಿ ಹುಟ್ಟುವುದೇ ಅಪರೂಪ: ಮಾನಸಿಕ ಕಾಯಿಲೆಗೆ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳಿದರೂ, ನಮ್ಮ ಪಾಲಿಸಿಗಳು ಹೆಚ್ಚಾಗಿ ಆಸ್ಪತ್ರೆಗೆ ಸೇರಿದರಷ್ಟೇ ಹಣ ಕೊಡುವುದರಿಂದ ಥೆರಪಿಯ ಶುಲ್ಕವನ್ನು ಎಲ್ಲರೂ ಕೈಯಿಂದಲೇ ಕೊಡುತ್ತಾರೆ.

ನಿಮ್ಮ ಅಮೆರಿಕದ ವಿಮೆ ಬಹುಮಟ್ಟಿಗೆ ಈ ಭೇಟಿಗಳಿಗೆ ಹಣ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಚಿಕಿತ್ಸೆ ನೀಡಲು ಅಲ್ಲಿನ ಪರವಾನಗಿ ಬೇಕು ಎಂಬ ಪ್ರಶ್ನೆಯೂ ಇದೆ. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ರಾತ್ರಿ ಎರಡು ಗಂಟೆಗೆ ಪರಿಸ್ಥಿತಿ ಕೈಮೀರಿದರೆ ಬೆಂಗಳೂರಿನಲ್ಲಿ ಕುಳಿತವರು ಸ್ಯಾನ್ ಹೋಸೆಯಲ್ಲಿ ಯಾರನ್ನು ಕರೆಯಬಲ್ಲರು? ಹೆರಿಗೆಯ ನಂತರದ ಈ ತಿಂಗಳುಗಳಲ್ಲಿ ನಿಮ್ಮ ಪ್ರಸೂತಿ ವೈದ್ಯರೊಡನೆ ಮಾತಾಡಬಲ್ಲ ಥೆರಪಿಸ್ಟ್ ಹತ್ತಿರದಲ್ಲೇ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿಯಿರುವ ಕನ್ನಡದ ಥೆರಪಿಸ್ಟರು ಇದ್ದಾರೆ. ವಿಮೆಯ ಪಟ್ಟಿಯಲ್ಲಿ ಭಾಷೆಯನ್ನು ಹಾಕಿ ಹುಡುಕಿ, ಸಿಗದಿದ್ದರೆ ಕೂಟದ ಮಹಿಳಾ ವಿಭಾಗದಲ್ಲಿ ವಿಚಾರಿಸಿ. ಯಾರಿಗಾಗಿ ಎಂದು ಹೇಳಬೇಕಾಗಿಲ್ಲ.

ಉತ್ತರ: ಸಮಾಲೋಚಕಿ, ಫ್ರೀಮಾಂಟ್

ಎರಡನೆಯ ಸಂದೇಹಕ್ಕೆ. ಕೈಯಿಂದ ಹಣ ಪಡೆದ ಥೆರಪಿಸ್ಟರು ಕೇಳಿದರೆ ಸೂಪರ್‌ಬಿಲ್ ಎಂಬ ವಿವರವಾದ ರಸೀದಿ ಕೊಡುತ್ತಾರೆ. ಅದರಲ್ಲಿ ನಾನು ಮೇಲೆ ಹೇಳಿದ ಎರಡೂ ಸಂಕೇತಗಳು ಇರುತ್ತವೆ. ಅದನ್ನು ನೀವು ವಿಮೆಗೆ ಕಳಿಸಿದ ದಿನ ಆ ಭೇಟಿಗಳ ಮಟ್ಟಿಗೆ ಗೋಪ್ಯತೆಯನ್ನು ನೀವೇ ಬಿಟ್ಟುಕೊಟ್ಟಂತೆ. ಕಳಿಸದ ಭೇಟಿಗಳು ಹಾಗೆಯೇ ಉಳಿಯುತ್ತವೆ. ಕಳಿಸುವ ಮುಂಚೆ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಿ. ನಿಮ್ಮ ಯೋಜನೆ ನೆಟ್‌ವರ್ಕಿನ ಹೊರಗಿನವರಿಗೂ ಹಣ ಕೊಡುತ್ತದೆಯೇ? ಎಚ್‌ಎಂಒ ಎಂಬ ಬಗೆಯ ಯೋಜನೆಯಾದರೆ ಬಹುಮಟ್ಟಿಗೆ ಕೊಡುವುದಿಲ್ಲ. ಬಿಲ್ ಕಳಿಸಲು ಕೊನೆಯ ದಿನ ಯಾವುದು? ಮರುಪಾವತಿಯ ಚೆಕ್ ಯಾರ ಹೆಸರಿಗೆ ಬರುತ್ತದೆ? ಹಲವು ಯೋಜನೆಗಳಲ್ಲಿ ಅದು ಪಾಲಿಸಿ ಇರುವವರ ಹೆಸರಿಗೇ ಬರುತ್ತದೆ, ನೀವು ತಪ್ಪಿಸಬೇಕೆಂದಿದ್ದ ಅದೇ ಲಕೋಟೆಯಲ್ಲಿ. ಅಲ್ಲದೆ ಥೆರಪಿಸ್ಟ್ ನಿಮ್ಮ ನೆಟ್‌ವರ್ಕಿನ ಒಳಗಿನವರಾಗಿದ್ದರೆ ವಿಮೆಯವರು ಈ ರಸೀದಿಯನ್ನು ಒಪ್ಪದಿರಬಹುದು, ಆದ್ದರಿಂದ ಅವರೊಡನೆ ಮೊದಲೇ ಮಾತಾಡಿಕೊಳ್ಳಿ.

ಮೊದಲ ಕೆಲವು ಭೇಟಿಗಳನ್ನು ಇಎಪಿಯಲ್ಲಿ ಮಾಡಿ, ಅಷ್ಟರಲ್ಲಿ ಇಮೇಲ್ ಕೋರಿಕೆಗೆ ಉತ್ತರ ಬಂದಿರುತ್ತದೆ, ಪತಿಯೊಡನೆ ಮಾತೂ ಆಗಿರಬಹುದು. ಅನಂತರ 30 ಡಾಲರಿನ ಕೋಪೇಯಲ್ಲಿ ಮುಂದುವರಿಯಿರಿ ಎಂಬುದು ನನ್ನ ಸಲಹೆ. ವಾರಕ್ಕೆ 250 ಡಾಲರ್ ಕೊಟ್ಟು ಎರಡು ತಿಂಗಳಲ್ಲಿ ಹಣವಿಲ್ಲದೆ ಚಿಕಿತ್ಸೆ ನಿಲ್ಲಿಸಿದ ತಾಯಂದಿರನ್ನು ನಾನು ಕಂಡಿದ್ದೇನೆ. ಇಎಪಿಯ ಸಂಖ್ಯೆ ಪತಿಯ ಕಂಪನಿಯ ಬೆನಿಫಿಟ್ಸ್ ಕೈಪಿಡಿಯಲ್ಲಿ ಇರುತ್ತದೆ. ಕರೆ ಮಾಡುವಾಗ ಅವರ ಉದ್ಯೋಗಿ ಸಂಖ್ಯೆ ಬೇಕಾಗುವುದಿಲ್ಲ, ಸಾಮಾನ್ಯವಾಗಿ ಕಂಪನಿಯ ಹೆಸರು ಹೇಳಿದರೆ ಸಾಕು.